ಒಡಹುಟ್ಟಿದವರು ಕೂಡಿ ಹಾಡುವಾಗ

ಅಣ್ಣ ತಂಗಿ, ಅಕ್ಕ ತಮ್ಮ ಕೂಡಿ ಜನಪದ ತಂಡ ಕಟ್ಟಿಕೊಂಡಿರುವ ಮಕ್ಕಳೇ,

ನಿಮ್ಮಂಥವರು ಈಗ ಊರೂರಲ್ಲೂ ಕಾಣಸಿಗುತ್ತೀರಿ. ಒಬ್ಬರ ಕೈಯಲ್ಲಿ ಗಿಟಾರು, ಇನ್ನೊಬ್ಬರ ಕೈಯಲ್ಲಿ ತಮಟೆ, ನಾಲಿಗೆಯ ಮೇಲೆ ಅಜ್ಜಿಯಿಂದ ಕಲಿತ ಒಂದು ಪದ. ಕಾಲೇಜಿನ ವೇದಿಕೆಯಲ್ಲೋ ಜಾತ್ರೆಯಲ್ಲೋ ಹಾಡಿ ಇಳಿದ ಮೇಲೆ ಹಿರಿಯರ ಬಳಿ ಬಂದು ಕೇಳುವುದೂ ಹೆಚ್ಚುಕಡಿಮೆ ಒಂದೇ ಮಾತು. ಇದನ್ನೇ ನೆಚ್ಚಿಕೊಂಡು ಬದುಕಲು ಆಗುತ್ತದೆಯೇ? ಮನೆಮಂದಿಯೇ ತಂಡವಾದರೆ ಎಷ್ಟು ಕಾಲ ಒಟ್ಟಿಗೆ ಬಾಳಬಹುದು?

ಬರಿಗೈಯ ಬುದ್ಧಿವಾದ ಬೇಡ. ಅರ್ಧ ಶತಮಾನ ಬಾಳಿದ ಒಂದು ತಂಡದ ಬದುಕನ್ನೇ ನಿಮ್ಮ ಮುಂದಿಡುತ್ತೇನೆ. ಐರ್ಲೆಂಡಿನ ವಾಯವ್ಯದಲ್ಲಿ ಅಟ್ಲಾಂಟಿಕ್ ಕಡಲಿಗೆ ಮುಖ ಮಾಡಿರುವ ಡೊನೆಗಾಲ್ ಎಂಬ ಸೀಮೆಯಿದೆ. ಅಲ್ಲಿನ ಗ್ವೀಡೋರ್ ಪ್ರದೇಶದಲ್ಲಿ ಜನರ ಮನೆಮಾತು ಇಂಗ್ಲಿಷ್ ಅಲ್ಲ, ಐರಿಷ್. 1970ರಲ್ಲಿ ಅಲ್ಲಿ ಐದು ಜನ ಸೇರಿ ಕಟ್ಟಿದ ತಂಡ ‘ಕ್ಲಾನಡ್’. ಮೋಯಾ, ಕಿಯರಾನ್, ಪೋಲ್ ಬ್ರೆನ್ನನ್ ಎಂಬ ಮೂವರು ಒಡಹುಟ್ಟಿದವರು, ಜೊತೆಗೆ ಅವರ ತಾಯಿಯ ಅವಳಿ ತಮ್ಮಂದಿರಾದ ನೋಯಲ್ ಮತ್ತು ಪಾಡ್ರಿಗ್ ಡಗನ್. ಸೋದರಮಾವಂದಿರು ಹುಟ್ಟಿದ್ದು 1949ರಲ್ಲಿ, ಹಿರಿಯ ಸೊಸೆ ಮೋಯಾ 1952ರಲ್ಲಿ. ಮಾವಂದಿರು ಅನ್ನುವುದಕ್ಕಿಂತ ಓರಗೆಯವರು ಅನ್ನುವುದೇ ಸರಿ.

ಇವರ ಬದುಕಿನಿಂದ ನಾನು ಕಂಡುಕೊಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ರಕ್ತಸಂಬಂಧ ಹಾಡಿಗೆ ಕೊಡುವ ಬಲವನ್ನು ಪೂರ್ತಿಯಾಗಿ ಪಡೆಯಿರಿ. ಆದರೆ ತಂಡ ನಡೆಸುವ ಭಾರವನ್ನು ಆ ಸಂಬಂಧದ ಮೇಲೆ ಹೊರಿಸಬೇಡಿ. ಹಾಡು ಮನೆಯದಾಗಿರಲಿ, ಲೆಕ್ಕ, ಒಪ್ಪಂದ, ತೀರ್ಮಾನ ಮಾತ್ರ ಹೊರಗಿನವರೊಡನೆ ಮಾಡಿಕೊಂಡಷ್ಟೇ ಸ್ಪಷ್ಟವಾಗಿರಲಿ. ಮುಂದೆ ಹೇಳುವುದೆಲ್ಲ ಈ ಮಾತಿನ ವಿಸ್ತಾರವೇ.

ಮೊದಲು ಬಲದ ಮಾತು. ಬ್ರೆನ್ನನ್ ಮಕ್ಕಳ ತಂದೆ ಲಿಯೋ ನೃತ್ಯಕೂಟಗಳಲ್ಲಿ ಬಾರಿಸುವ ವಾದ್ಯತಂಡ ನಡೆಸಿದವರು; ತಾಯಿ ಬಾಬಾ ಸಂಗೀತದ ಶಿಕ್ಷಕಿ, ಮಕ್ಕಳ ಗಾಯನವೃಂದವನ್ನು ತಿದ್ದಿ ಬೆಳೆಸಿದವರು. ಮನೆಯಲ್ಲಿ ಒಂಬತ್ತು ಮಕ್ಕಳು. 1968ರಲ್ಲಿ ಲಿಯೋ ಮೀನಾಲೆಕ್ ಎಂಬ ಹಳ್ಳಿಯಲ್ಲಿ ‘ಲಿಯೋಸ್ ಟ್ಯಾವರ್ನ್’ ಎಂಬ ಪಾನಗೃಹ ತೆರೆದರು. ಮಕ್ಕಳ ಮೊದಲ ವೇದಿಕೆ ಅದೇ. ಆಗಿನ ಎಲ್ಲ ಹುಡುಗರ ಹಾಗೆ ಅವರೂ ಬೀಟಲ್ಸ್ ತಂಡದ ಹಾಡುಗಳನ್ನು ಹಾಡಿದರು, ಅವನ್ನು ಐರಿಷ್‌ಗೆ ತಿರುಗಿಸಿಯೂ ಹಾಡಿದರು. ಆಮೇಲೆ ಅಜ್ಜ ಅಜ್ಜಿಯರ ಬಳಿ, ಊರಿನ ಹಿರಿಯರ ಬಳಿ ಕೂತು ಹಳೆಯ ಹಾಡುಗಳನ್ನು ಕಲಿಯತೊಡಗಿದರು.

ಒಂದೇ ಮನೆಯಲ್ಲಿ ಬೆಳೆದವರ ದನಿಗಳು ಕೂಡಿದಾಗ ಹುಟ್ಟುವ ನಾದ ಬೇರೆಯೇ. ಅದರಲ್ಲಿ ಪವಾಡವೇನಿಲ್ಲ. ಚಿಕ್ಕಂದಿನಿಂದ ಒಂದೇ ಮಾತು ಕೇಳಿ, ಒಂದೇ ಮಾತು ಆಡಿದವರು ಸ್ವರಗಳನ್ನು ಒಂದೇ ಅಳತೆಯಲ್ಲಿ ಬಾಯಿ ತೆರೆದು ಉಚ್ಚರಿಸುತ್ತಾರೆ. ಸೊಲ್ಲಿನ ನಡುವೆ ಯಾರು ಎಲ್ಲಿ ಉಸಿರು ಎಳೆಯುತ್ತಾರೆ ಅನ್ನುವುದು ಕಣ್ಣು ಮುಚ್ಚಿಕೊಂಡಿದ್ದರೂ ಗೊತ್ತಾಗುತ್ತದೆ. ನಮ್ಮ ಮೇಳಗಳಲ್ಲಿ ಒಂದೇ ಮನೆಯವರು ಹಿಮ್ಮೇಳಕ್ಕೆ ನಿಂತಾಗ ಇದನ್ನು ನೀವೇ ಕೇಳಿರುತ್ತೀರಿ. ಇದು ನಿಮಗೆ ದುಡಿಯದೇ ಬಂದ ಸೊತ್ತು. ಅದನ್ನು ಕಂಪ್ಯೂಟರಿನಲ್ಲಿ ತಿದ್ದಿ ತಿದ್ದಿ ನುಣುಪು ಮಾಡಿ ಕಳೆದುಕೊಳ್ಳಬೇಡಿ.

ಹಾಗೆಯೇ ಹಾಡುಗಳ ವಿಷಯ. ಜನಪದ ತಂಡಕ್ಕೆ ಬಂಡವಾಳ ವಾದ್ಯಗಳಲ್ಲ, ಹಾಡು. ಆ ಬಂಡವಾಳ ವಯಸ್ಸಾದವರ ನೆನಪಿನಲ್ಲಿದೆ, ದಿನದಿನಕ್ಕೂ ಕರಗುತ್ತಿದೆ. ನಿಮ್ಮ ಅಜ್ಜಿಯ ಬೀಸುವ ಪದ, ಸೋಬಾನೆ ಪದ, ದೊಡ್ಡಪ್ಪನ ತತ್ವಪದ, ಪಕ್ಕದ ಕೇರಿಯ ಹಿರಿಯರ ಲಾವಣಿ, ಇವನ್ನೆಲ್ಲ ಮೊಬೈಲಿನಲ್ಲಿ ಪೂರ್ತಿಯಾಗಿ ಧ್ವನಿಮುದ್ರಿಸಿ ಇಡಿ. ಹಾಡಿದವರ ಹೆಸರು, ಊರು, ಅವರು ಯಾರಿಂದ ಕಲಿತರು ಅನ್ನುವುದನ್ನು ಬರೆದಿಡಿ. ವೇದಿಕೆಯ ಮೇಲೆ ಆ ಹೆಸರನ್ನು ಹೇಳಿ ಹಾಡಿ. ಯೂಟ್ಯೂಬಿನಿಂದ ಕಲಿತ ಹಾಡನ್ನು ಎಲ್ಲರೂ ಹಾಡುತ್ತಾರೆ. ನಿಮ್ಮ ಮನೆಯ ಹಾಡನ್ನು ನೀವಲ್ಲದೆ ಇನ್ನು ಯಾರು ಹಾಡಬೇಕು?

ಎರಡನೆಯದು ಭಾಷೆ. ಕ್ಲಾನಡ್ ಶುರುವಾದಾಗ ಐರಿಷ್ ಭಾಷೆಯಲ್ಲಿ ಹಾಡಿದರೆ ಯಾರೂ ಕೊಳ್ಳುವುದಿಲ್ಲ ಎಂಬ ಮಾತು ಅವರ ದೇಶದಲ್ಲೇ ಇತ್ತು. ಐರಿಷ್ ಆಡುವ ಸೀಮೆಗಳಿಗೆಂದೇ ‘ರೇಡಿಯೋ ನ ಗೇಲ್ತಾಖ್ತ್’ ಎಂಬ ಬಾನುಲಿ ಆರಂಭವಾದದ್ದೇ 1972ರಲ್ಲಿ. ಅಲ್ಲಿಯವರೆಗೆ ಆ ಭಾಷೆಯವರಿಗೆ ತಮ್ಮ ಭಾಷೆಗೆಂದೇ ಮೀಸಲಾದ ಅಧಿಕೃತ ರೇಡಿಯೋ ಕೂಡ ಇರಲಿಲ್ಲ. ಅಂಥ ಹೊತ್ತಿನಲ್ಲಿ ಇವರು ತಮ್ಮ ಊರಿನ ಐರಿಷ್ ಹಾಡುಗಳನ್ನು ಬಿಡಲಿಲ್ಲ. ಲೆಟರ್‌ಕೆನ್ನಿ ಊರಿನ ಜನಪದ ಉತ್ಸವದಲ್ಲಿ ಸ್ಪರ್ಧೆ ಗೆದ್ದರು. 1973ರಲ್ಲಿ ಮೊದಲ ಆಲ್ಬಂ ಬಂತು, 1974ರಲ್ಲಿ ಎರಡನೆಯದು, 1976ರಲ್ಲಿ ‘ದೂಲಮಾನ್’. ಈ ಕೊನೆಯದಕ್ಕೆ ಹೆಸರು ಕೊಟ್ಟ ಹಾಡು ಕಡಲತಡಿಯಲ್ಲಿ ಪಾಚಿ ಆರಿಸುವ ಬಡವರ ಹಾಡು.

ಅವರನ್ನು ಮೊದಲು ಮನಸ್ಸಿಟ್ಟು ಕೇಳಿದ ದೂರದ ಜನ ಯಾರು ಗೊತ್ತೇ? ಜರ್ಮನಿಯವರು. 70ರ ದಶಕದ ನಡುವೆ ಅಲ್ಲಿ ಪ್ರವಾಸ ಮಾಡಿದಾಗ, ಐರಿಷ್‌ನ ಒಂದು ಪದವೂ ಅರ್ಥವಾಗದ ಸಭೆಗಳು ತುಂಬಿ ಕೂತು ಕೇಳಿದವು. ಇನ್ನು ಸಂಗೀತವನ್ನೇ ವೃತ್ತಿ ಮಾಡಿಕೊಳ್ಳಬಹುದು ಎಂಬ ಧೈರ್ಯ ಅವರಿಗೆ ಬಂದದ್ದು ಆ ಪ್ರವಾಸದಿಂದ. ಅಲ್ಲಿಯವರೆಗೆ ಓದು, ಬೇರೆ ಕೆಲಸಗಳ ಜೊತೆಗೇ ಹಾಡು ಸಾಗಿತ್ತು.

ಆದರೆ ಇದನ್ನೂ ಗಮನಿಸಿ. ಹಾಡಿನ ಮಾತು, ಧಾಟಿ ಊರಿನದೇ ಆಗಿದ್ದರೂ ಅದರ ಸುತ್ತ ಅವರು ನಿಲ್ಲಿಸಿದ ವಾದ್ಯಗಳು ಹಳೆಯವೇ ಆಗಿರಲಿಲ್ಲ. ಮೋಯಾ ಕೈಯಲ್ಲಿ ಹಾರ್ಪ್, ಕಿಯರಾನ್ ಕೈಯಲ್ಲಿ ಜಾಝ್ ಸಂಗೀತದವರು ನುಡಿಸುವ ದೊಡ್ಡ ಡಬಲ್ ಬೇಸ್, ಪೋಲ್‌ನ ಕೊಳಲು, ಮಾವಂದಿರ ಗಿಟಾರು ಮತ್ತು ಮ್ಯಾಂಡೊಲಿನ್. 1979ರಲ್ಲಿ ಹೊರಬಂದ ಕಛೇರಿಯ ಧ್ವನಿಮುದ್ರಿಕೆಯಲ್ಲಿ ಒಂದು ಹಳೆಯ ಹಾಡನ್ನು ಸುಮಾರು ಹತ್ತು ನಿಮಿಷದವರೆಗೆ, ನಡುನಡುವೆ ಒಬ್ಬೊಬ್ಬರೇ ವಿಸ್ತರಿಸಿ ನುಡಿಸುತ್ತ ಬೆಳೆಸಿದ್ದಾರೆ. ನಿಮಗೂ ಹೇಳುವುದು ಇದನ್ನೇ. ವಾದ್ಯ ಬದಲಿಸಿ, ಲಯವನ್ನು ಹಿಗ್ಗಿಸಿ, ಹೊಸದನ್ನು ಕೂಡಿಸಿ. ಆದರೆ ಹಾಡಿನ ಮಾತನ್ನು ಪಟ್ಟಣದ ಕನ್ನಡಕ್ಕೆ ತಿದ್ದಬೇಡಿ. ಕುಂದಾಪುರದ ಹಾಡು ಕುಂದಾಪುರದ ಹಾಗೆ, ಕಲಬುರಗಿಯ ಹಾಡು ಕಲಬುರಗಿಯ ಹಾಗೆ, ಚಾಮರಾಜನಗರದ್ದು ಅಲ್ಲಿನ ಹಾಗೆಯೇ ಕೇಳಬೇಕು. ಅರ್ಥ ಆಗಲಿಕ್ಕಿಲ್ಲ ಎಂದು ಹೆದರಿಸುವವರಿಗೆ ಜರ್ಮನಿಯ ಸಭಿಕರ ಕಥೆ ಹೇಳಿ.

ಮೂರನೆಯದು ತಾಳ್ಮೆ. 1970ರಲ್ಲಿ ಶುರುವಾದ ತಂಡಕ್ಕೆ ದೊಡ್ಡ ಹೆಸರು ಬಂದದ್ದು 1982ರಲ್ಲಿ. ಉತ್ತರ ಐರ್ಲೆಂಡಿನ ಸಂಘರ್ಷದ ಬಗ್ಗೆ ಬ್ರಿಟನ್ನಿನ ಟಿ.ವಿ.ಗಾಗಿ ತೆಗೆದ ‘ಹ್ಯಾರೀಸ್ ಗೇಮ್’ ಧಾರಾವಾಹಿಗೆ ಶೀರ್ಷಿಕೆ ಗೀತೆ ಬೇಕಾಗಿತ್ತು. ಪೋಲ್ ಮತ್ತು ಕಿಯರಾನ್ ಒಂದು ಹಳೆಯ ಐರಿಷ್ ಗಾದೆಯನ್ನು ಆಧರಿಸಿ ಚಿಕ್ಕದೊಂದು ಹಾಡು ಕಟ್ಟಿದರು. ಮನೆಮಂದಿಯ ದನಿಗಳನ್ನು ಪದರ ಪದರವಾಗಿ ಧ್ವನಿಮುದ್ರಿಸಿದರು. ಐರಿಷ್ ಭಾಷೆಯ ಆ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಏರಿತು. ಆ ಸಂಘರ್ಷದ ಕಾಲದಲ್ಲಿ ಐರಿಷ್ ಮಾತು ಲಂಡನ್ನಿನ ಟಿ.ವಿ. ವೇದಿಕೆಯಲ್ಲಿ ಹಾಡಾಗಿ ಕೇಳಿಸಿತು. ಎರಡು ವರ್ಷ ಕಳೆದು ‘ರಾಬಿನ್ ಆಫ್ ಶೆರ್‌ವುಡ್’ ಧಾರಾವಾಹಿಗೆ ಕೊಟ್ಟ ಸಂಗೀತಕ್ಕೆ ಬಾಫ್ಟಾ ಪ್ರಶಸ್ತಿಯೂ ಬಂತು.

ಹನ್ನೆರಡು ವರ್ಷ ಅಂದರೆ ಸಣ್ಣ ಕಾಲವಲ್ಲ. ಆ ಹನ್ನೆರಡು ವರ್ಷ ಅವರು ಅವಕಾಶಕ್ಕಾಗಿ ಸುಮ್ಮನೆ ಕಾದಿರಲಿಲ್ಲ, ಹಾಡುತ್ತಲೇ ಇದ್ದರು. ಅಷ್ಟು ಆಲ್ಬಂಗಳ, ಅಷ್ಟು ಪ್ರವಾಸಗಳ ಅಭ್ಯಾಸ ಹಿಂದೆ ಇದ್ದುದರಿಂದ ಅವಕಾಶ ಬಂದಾಗ ಕೆಲವೇ ನಿಮಿಷಗಳ ಹಾಡಿನಲ್ಲಿ ತಮ್ಮನ್ನು ಪೂರ್ತಿ ತೋರಿಸಿಕೊಳ್ಳಲು ಆಯಿತು. ಆದ್ದರಿಂದ ಓದು ಬಿಟ್ಟು, ಕೈಯಲ್ಲಿರುವ ಕೆಲಸ ಬಿಟ್ಟು ಮೊದಲ ದಿನವೇ ಹೊರಡಬೇಡಿ. ಒಂದು ವಿಡಿಯೋವನ್ನು ಲಕ್ಷ ಜನ ನೋಡಿದರೆಂದು ರಾಜೀನಾಮೆ ಕೊಡಬೇಡಿ. ಯಾರೂ ನೋಡಲಿಲ್ಲ ಎಂದು ತಂಡ ಮುಚ್ಚಲೂ ಬೇಡಿ.

ಇಲ್ಲಿಯವರೆಗೆ ಹೇಳಿದ್ದು ಸಂಬಂಧ ಕೊಡುವ ಬಲ. ಇನ್ನು ಅದರ ಮೇಲೆ ಹೊರಿಸಬಾರದ ಭಾರ.

ಬ್ರೆನ್ನನ್ ಮನೆಯಲ್ಲಿ ಇನ್ನೊಬ್ಬ ತಂಗಿ ಇದ್ದಳು, 1961ರಲ್ಲಿ ಹುಟ್ಟಿದವಳು. ಅಕ್ಕ ಮೋಯಾಗಿಂತ ಒಂಬತ್ತು ವರ್ಷ ಚಿಕ್ಕವಳು. 1980ರಲ್ಲಿ ಅವಳೂ ತಂಡ ಸೇರಿ ಕೀಬೋರ್ಡ್ ನುಡಿಸಿದಳು, ಹಿಮ್ಮೇಳದಲ್ಲಿ ಹಾಡಿದಳು. 1982ರ ‘ಫೂಮ್’ ಆಲ್ಬಂನಲ್ಲಿ ಮುಂದೆ ನಿಂತು ಹಾಡಿದ್ದೂ ಉಂಟು. ಅದೇ ವರ್ಷ ತಂಡ ಬಿಟ್ಟಳು. ತಂಡದ ವ್ಯವಸ್ಥಾಪಕರಾಗಿದ್ದ ನಿಕಿ ರಯನ್ ಮತ್ತು ಅವರ ಪತ್ನಿ ರೋಮಾ ರಯನ್ ಅವಳ ಜೊತೆ ಹೊರಬಂದರು. ಒಂದೇ ದನಿಯನ್ನು ಮತ್ತೆ ಮತ್ತೆ ಧ್ವನಿಮುದ್ರಿಸಿ ಗಾಯನವೃಂದದಂತೆ ಕೇಳಿಸುವ ಕೆಲಸದಲ್ಲಿ ಮೂವರೂ ವರ್ಷಗಟ್ಟಲೆ ತೊಡಗಿದರು. 1988ರಲ್ಲಿ ‘ವಾಟರ್‌ಮಾರ್ಕ್’ ಬಂತು, ಅದರ ಒಂದು ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಆ ತಂಗಿಯೇ ಎನ್ಯಾ. ಲೋಕವೆಲ್ಲ ಬಲ್ಲ ಹೆಸರು ಅದು.

ಯಾರು ಸರಿ, ಯಾರು ತಪ್ಪು ಎಂದು ತೂಗುವುದು ನಮ್ಮ ಕೆಲಸವಲ್ಲ. ನೀವು ತಿಳಿಯಬೇಕಾದದ್ದು ಬೇರೆ. ಮನೆಯಲ್ಲಿ ಕಿರಿಯರು ಎಷ್ಟು ದೊಡ್ಡವರಾದರೂ ಅಣ್ಣ ಅಕ್ಕಂದಿರ ಕಣ್ಣಿಗೆ ಚಿಕ್ಕವರೇ. ತಂಡದಲ್ಲೂ ಆ ಲೆಕ್ಕವೇ ಮುಂದುವರಿದರೆ, ಚಿಕ್ಕವರ ತಲೆಯಲ್ಲಿ ಹುಟ್ಟಿದ ರಾಗಕ್ಕೆ ಜಾಗ ಸಿಗದೆ ಹೋಗಬಹುದು. ವರ್ಷಕ್ಕೊಮ್ಮೆಯಾದರೂ ಕಾರ್ಯಕ್ರಮದ ಪಟ್ಟಿಯನ್ನು ಕಿರಿಯರ ಕೈಗೆ ಕೊಡಿ. ಪ್ರತಿ ಕಛೇರಿಯಲ್ಲಿ ಅವರಿಗೆ ಅವರದೇ ಒಂದು ಹಾಡು ಇರಲಿ. ಅಷ್ಟಾಗಿಯೂ ಅವರಿಗೆ ಬೇರೆ ದಾರಿ ಬೇಕೆನ್ನಿಸಿದರೆ ಹೋಗಲು ಬಿಡಿ. ಎನ್ಯಾ ಹೊರಟ ವರ್ಷವೇ ಕ್ಲಾನಡ್‌ನ ಅತಿ ದೊಡ್ಡ ಹಾಡು ಬಂತು. ಹೊರಗೆ ಹೋದವಳೂ ಬೆಳೆದಳು, ಉಳಿದವರೂ ಬೆಳೆದರು. ತಂಡ ಬಿಟ್ಟವರು ಮನೆ ಬಿಟ್ಟವರಲ್ಲ. ಈ ಎರಡನ್ನೂ ಒಂದೇ ಎಂದುಕೊಂಡ ಕುಟುಂಬಗಳಲ್ಲಿ ಹಬ್ಬದ ಊಟಕ್ಕೂ ಒಟ್ಟಿಗೆ ಕೂರಲಾರದ ಸ್ಥಿತಿ ಬರುತ್ತದೆ.

ಪೋಲ್‌ನ ಕಥೆಯನ್ನೂ ಕೇಳಿ. ಅವರು 1990ರಲ್ಲಿ ತಂಡ ಬಿಟ್ಟು ತಮ್ಮದೇ ಸಂಗೀತದ ದಾರಿ ಹಿಡಿದರು. ಉಳಿದವರು ಮುಂದುವರಿದು 1999ರಲ್ಲಿ ‘ಲ್ಯಾಂಡ್‌ಮಾರ್ಕ್ಸ್’ ಆಲ್ಬಂಗೆ ಗ್ರ್ಯಾಮಿ ಪಡೆದರು, ಆಮೇಲೆ ದೀರ್ಘ ವಿರಾಮ ತೆಗೆದುಕೊಂಡರು. ಪೋಲ್ ಬಿಟ್ಟು ಹೋಗಿ ಸುಮಾರು ಇಪ್ಪತ್ತು ವರ್ಷದ ನಂತರ, 2011ರಲ್ಲಿ, ಡಬ್ಲಿನ್ನಿನ ಕ್ರೈಸ್ಟ್ ಚರ್ಚ್ ಕೆಥೆಡ್ರಲ್‌ನಲ್ಲಿ ಮೊದಲಿನ ಐವರೂ ಮತ್ತೆ ಒಂದಾಗಿ ಹಾಡಿದರು. 2013ರಲ್ಲಿ ಅದೇ ಐವರ ‘ನಾದೂರ್’ ಆಲ್ಬಂ ಬಂತು. ಬಿಟ್ಟು ಹೋದವರು ಮರಳಿ ಬರಲು ಸಾಧ್ಯವಾಗುವುದು, ಹೋಗುವಾಗ ಆಡಿದ ಮಾತು ಮೆದುವಾಗಿದ್ದರೆ ಮಾತ್ರ. ಯಾರಾದರೂ ಹೊರಡುವ ದಿನ ನಾಲಿಗೆಯನ್ನು ಬಿಗಿ ಹಿಡಿಯಿರಿ.

ಈಗ ದುಡ್ಡಿನ ಮಾತು. ನಿಮ್ಮಲ್ಲಿ ಬಹಳ ಮಂದಿಗೆ ಇದನ್ನು ಎತ್ತುವುದೇ ಸಂಕೋಚ. ‘ನಾವು ನಾವೇ ಅಲ್ಲವೇ, ಲೆಕ್ಕ ಯಾಕೆ’ ಅನ್ನುತ್ತೀರಿ. ‘ಹ್ಯಾರೀಸ್ ಗೇಮ್’ ಹಾಡಿನ ರಚನೆ ಪೋಲ್ ಮತ್ತು ಕಿಯರಾನ್ ಹೆಸರಿನಲ್ಲಿದೆ, ಹಾಡಿದ್ದು ತಂಡ. ಬಂದು ಹತ್ತು ವರ್ಷದ ಮೇಲೆ ಅದೇ ಹಾಡು ‘ಪೇಟ್ರಿಯಟ್ ಗೇಮ್ಸ್’ ಎಂಬ ಹಾಲಿವುಡ್ ಸಿನಿಮಾದಲ್ಲಿ ಕೇಳಿಸಿತು, ಅಮೆರಿಕದಲ್ಲಿ ಕಾರಿನ ಜಾಹೀರಾತಿಗೂ ಹೋಯಿತು. ಒಂದು ಹಾಡು ಯಾವಾಗ, ಎಲ್ಲಿ, ಯಾವ ರೂಪದಲ್ಲಿ ದುಡಿಯತೊಡಗುತ್ತದೆ ಅನ್ನುವುದನ್ನು ಕಟ್ಟುವ ದಿನ ಯಾರೂ ಹೇಳಲಾರರು. ದುಡಿಯತೊಡಗಿದ ಮೇಲೆ ‘ಆ ಸಾಲು ನನ್ನದು, ಆ ತಿರುವು ನಾನು ಹಾಕಿದ್ದು’ ಎಂದು ಶುರುವಾದರೆ ತಡೆಯಲು ಆಗುವುದಿಲ್ಲ.

ಅದಕ್ಕೇ ಒಂದೊಂದಾಗಿ ಹೇಳುತ್ತೇನೆ. ಜನಪದದ ಮೂಲ ಹಾಡು ಯಾರೊಬ್ಬರ ಆಸ್ತಿಯೂ ಅಲ್ಲ. ಅದನ್ನು ನಿಮ್ಮ ರಚನೆ ಎಂದು ಎಲ್ಲಿಯೂ ಬರೆಸಬೇಡಿ. ನೀವು ಹೊಸದಾಗಿ ಕಟ್ಟಿದ ಹಾಡಿಗೆ ಸಾಹಿತ್ಯ ಯಾರದು, ರಾಗ ಯಾರದು ಎಂದು ಅದು ಸಿದ್ಧವಾದ ದಿನವೇ ಬರೆದು ಎಲ್ಲರೂ ಸಹಿ ಹಾಕಿ. ರಚನೆಕಾರರು, ಹಾಡುಗಳ ಗೌರವಧನ ಸಂಗ್ರಹಿಸಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿ ಹಾಡನ್ನು ಅಲ್ಲಿ ನೋಂದಾಯಿಸಿ. ತಂಡದ ಹೆಸರಿನಲ್ಲಿ ಬೇರೆ ಬ್ಯಾಂಕ್ ಖಾತೆ ಇರಲಿ. ಅಪ್ಪನ ಖಾತೆಗೆ ಸಂಭಾವನೆ ಹಾಕಿಸಿಕೊಳ್ಳಬೇಡಿ. ಪ್ರತಿ ಕಾರ್ಯಕ್ರಮದ ಆದಾಯ, ಪ್ರಯಾಣದ ಖರ್ಚು, ಒಬ್ಬೊಬ್ಬರ ಪಾಲು ಎಲ್ಲವೂ ಎಲ್ಲರೂ ತೆರೆದು ನೋಡುವಂಥ ಒಂದು ಪುಸ್ತಕದಲ್ಲಿರಲಿ. ತಂಡದ ಹೆಸರು ಯಾರದು, ಅರ್ಧ ಜನ ಬಿಟ್ಟು ಹೋದರೆ ಆ ಹೆಸರನ್ನು ಯಾರು ಬಳಸಬಹುದು ಎಂಬುದನ್ನೂ ಬರೆದುಕೊಳ್ಳಿ. ಹಿರಿಯಣ್ಣ ಎಂಬ ಕಾರಣಕ್ಕೆ ಹಿರಿಯಣ್ಣನೇ ಲೆಕ್ಕ ನೋಡಬೇಕಿಲ್ಲ. ಯಾರಿಗೆ ಲೆಕ್ಕ ಬರುತ್ತದೋ ಅವರು ನೋಡಲಿ. ಹೀಗೆ ಬರೆದಿಡುವುದು ಅಪನಂಬಿಕೆ ಅಲ್ಲ. ನಂಬಿಕೆ ಬಹುಕಾಲ ಉಳಿಯಲಿ ಎಂಬ ಆಸೆಯಿರುವವರು ಮಾಡುವ ಕೆಲಸ.

ದೇಹದ ಬಗ್ಗೆಯೂ ಒಂದು ಮಾತು. ಮೋಯಾ ತಮ್ಮ ಆತ್ಮಕಥೆಯಲ್ಲಿ ಪ್ರವಾಸದ ವರ್ಷಗಳ ಕುಡಿತ, ಮಾದಕವಸ್ತು, ಒಳಗಿನ ಒಂಟಿತನದ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಹಾಡಿನ ನಂತರದ ರಾತ್ರಿ ಕಲಾವಿದರಿಗೆ ಕಷ್ಟದ ಹೊತ್ತು. ಚಪ್ಪಾಳೆಯ ಬಿಸಿ ಇಳಿದಿರುವುದಿಲ್ಲ, ನಿದ್ದೆ ಬರುವುದಿಲ್ಲ, ಜೊತೆಗಾರರು ಬಾಟಲಿ ತೆಗೆದಿರುತ್ತಾರೆ. ಒಡಹುಟ್ಟಿದವರು ಜೊತೆಗಿರುವುದರ ನಿಜವಾದ ಉಪಯೋಗ ಆ ಹೊತ್ತಿನಲ್ಲಿದೆ. ಒಬ್ಬರು ಜಾರುತ್ತಿರುವುದು ಕಂಡರೆ, ಮಾನ ಹೋದೀತೆಂದು ಮುಚ್ಚಿಡಬೇಡಿ. ಕೂರಿಸಿ ಮಾತಾಡಿ, ಬೇಕಾದರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಕಾರ್ಯಕ್ರಮ ತಪ್ಪಿದರೆ ತಪ್ಪಲಿ.

ದೊಡ್ಡ ಹೆಸರು ಬಂದ ಮೇಲೆ ಮಾರುಕಟ್ಟೆ ನಿಮ್ಮನ್ನು ತನ್ನ ಕಡೆ ಎಳೆಯುತ್ತದೆ. ಕ್ಲಾನಡ್‌ಗೂ ಹಾಗಾಯಿತು. ಇಂಗ್ಲಿಷ್ ಹಾಡುಗಳು ಹೆಚ್ಚಿದವು, 1985ರಲ್ಲಿ ಯು2 ತಂಡದ ಬೋನೋ ಜೊತೆ ಹಾಡಿದರು, 1987ರ ‘ಸಿರಿಯಸ್’ ಆಲ್ಬಂನಲ್ಲಿ ಅಮೆರಿಕದ ನಿರ್ಮಾಪಕರ ಜೊತೆ ಸೇರಿ ರಾಕ್ ಸಂಗೀತದತ್ತ ಸರಿದರು. ಅದರಲ್ಲಿ ಕೆಲವು ಚೆಂದವಾಗಿಯೂ ಇವೆ. ಆದರೆ ಐವರೂ ಮತ್ತೆ ಕೂಡಿದಾಗ ತಿರುಗಿ ಹಿಡಿದದ್ದು ಐರಿಷ್ ಹಾಡುಗಳನ್ನು, ಹಾರ್ಪ್ ಮತ್ತು ಕೊಳಲನ್ನು. ಪ್ರಯೋಗ ಮಾಡಿ, ಹೆದರಬೇಡಿ. ಮರಳಲು ಒಂದು ನೆಲೆ ಇದ್ದವರಿಗೆ ಪ್ರಯೋಗದಿಂದ ಕೇಡಿಲ್ಲ.

ಎಲ್ಲ ತಂಡವೂ ಐವತ್ತು ವರ್ಷ ಬಾಳಲೇಬೇಕು ಎಂದೂ ಅಂದುಕೊಳ್ಳಬೇಡಿ. ಅದೇ ಡೊನೆಗಾಲ್‌ನ ಹಾಡುಗಳನ್ನು ಹಾಡಿದ ‘ಸ್ಕಾರಾ ಬ್ರೇ’ ಎಂಬ ಇನ್ನೊಂದು ತಂಡವಿತ್ತು. ಮೀಹಾಲ್, ಟ್ರೀನಾ, ಮಾಯ್‌ರೇಡ್ ಎಂಬ ಒಡಹುಟ್ಟಿದವರು ಮತ್ತು ಒಬ್ಬ ಗೆಳೆಯ. 1971ರಲ್ಲಿ ಒಂದೇ ಒಂದು ಆಲ್ಬಂ ಮಾಡಿ ಚೆದುರಿದರು. ಆದರೆ ಐರಿಷ್ ಹಾಡನ್ನು ಹಲವು ದನಿಗಳು ಹೆಣೆದುಕೊಂಡು ಹಾಡಬಹುದೆಂದು ಆ ಒಂದು ಆಲ್ಬಂ ತೋರಿಸಿಕೊಟ್ಟಿತು. ಮೀಹಾಲ್, ಟ್ರೀನಾ ಮುಂದೆ ‘ಬಾಥಿ ಬ್ಯಾಂಡ್’ನಲ್ಲಿ ನುಡಿಸಿದರು. ನಿಮ್ಮ ತಂಡ ಮೂರು ವರ್ಷಕ್ಕೆ ನಿಂತರೆ ಅದು ಸೋಲಲ್ಲ. ಒಂದು ಹಾಡನ್ನು ಸರಿಯಾಗಿ ಹಾಡಿ ದಾಖಲಿಸಿ ಇಟ್ಟಿದ್ದೀರಾ ಎಂಬುದಷ್ಟೇ ಮುಖ್ಯ.

ನಿಲ್ಲಿಸುವುದನ್ನೂ ಕಲಿಯಬೇಕು. 2016ರಲ್ಲಿ ಪಾಡ್ರಿಗ್ ತೀರಿಕೊಂಡರು. ಉಳಿದವರು 2020ರಲ್ಲಿ ಇದು ವಿದಾಯದ ಪ್ರವಾಸ ಎಂದು ಸಾರಿ ಹೊರಟರು. ಕೋವಿಡ್ ಅಡ್ಡ ಬಂತು, ಕಾದು ಮತ್ತೆ ಹೊರಟರು. 2022ರಲ್ಲಿ ಅವಳಿಯ ಇನ್ನೊಬ್ಬರು ನೋಯಲ್ ಕೂಡ ಹೋದರು. ಆದರೂ ಕೇಳುಗರಿಗೆ ಕೊಟ್ಟ ಮಾತು ಉಳಿಸಿಕೊಂಡು ಹಾಡಿ, ನಮಸ್ಕಾರ ಹೇಳಿಯೇ ವೇದಿಕೆ ಇಳಿದರು. ಜಗಳದಲ್ಲಿ ಒಡೆದ ತಂಡಗಳು ಬೇಕಾದಷ್ಟಿವೆ. ಹೇಳಿ, ಹರಸಿಕೊಂಡು ನಿಲ್ಲಿಸಿದ ತಂಡದ ಹಾಡನ್ನು ಮುಂದಿನವರು ಹಗುರ ಮನಸ್ಸಿನಿಂದ ಕೈಗೆತ್ತಿಕೊಳ್ಳುತ್ತಾರೆ.

ಇಷ್ಟನ್ನು ಓದಿದ ಮೇಲೆ ಈ ವಾರವೇ ಎರಡು ಕೆಲಸ ಮಾಡಿ. ತಂಡದವರೆಲ್ಲ ಒಂದು ಸಂಜೆ ಕೂತು ಲೆಕ್ಕ, ಪಾಲು, ಹೆಸರು, ಬಿಡುವವರ ಹಕ್ಕು ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ. ಮಾರನೆಯ ದಿನ ನಿಮ್ಮ ಬಂಧುಗಳಲ್ಲಿ ಅತಿ ಹಿರಿಯರಾದವರ ಹತ್ತಿರ ಹೋಗಿ, ನೀವು ಇನ್ನೂ ಕಲಿಯದ ಒಂದು ಹಾಡನ್ನು ಕಲಿತು ಬನ್ನಿ. ಮೊದಲನೆಯದು ನಿಮ್ಮನ್ನು ಒಟ್ಟಿಗೆ ಇಡುತ್ತದೆ, ಎರಡನೆಯದು ಒಟ್ಟಿಗಿರಲು ಕಾರಣ ಕೊಡುತ್ತದೆ. ಒಳ್ಳೆಯದಾಗಲಿ, ಚೆನ್ನಾಗಿ ಹಾಡಿ.